ತಿಂದವನನ್ನ ಕೇಳಬೇಕು

“ನಿನ್ನ ತಮ್ಮ ಮತ್ತ ಗುಳಿಗಿ ಬಿಟ್ಟಾನ ನೋಡಪಾ” ಅಂತ ಅವ್ವ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಲ್ಲಿದ್ದೆ. ಇದು ಎರಡನೇ ಸಲ.

ನಮ್ಮೂರು ಬ್ಯಾಡಗಿ. ಅಪ್ಪನಿಗೆ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ, ತಮ್ಮ ಅಲ್ಲೇ ಲೆಕ್ಕ ಬರೀತಿದ್ದ. ಒಂದು ವರ್ಷದಿಂದ ಅವನಿಗೆ ನಿದ್ದೆಯಿಲ್ಲ, ಊಟ ಬೇಡ, ಯಾರ ಹತ್ತಿರವೂ ಮಾತಿಲ್ಲ. ಖಿನ್ನತೆ ಅಂದ್ರು ಡಾಕ್ಟರು. ಹಾವೇರಿಯಲ್ಲಿ ಮೊದಲು ಎಸಿಟಲೊಪ್ರಾಮ್ ಕೊಟ್ಟರು, ಆಮೇಲೆ ಸರ್ಟ್ರಾಲಿನ್. “ಹೊಟ್ಟಿ ತೊಳಸ್ತೈತಿ, ತಲಿ ಗುಂ ಅಂತೈತಿ” ಅಂತ ಎರಡನ್ನೂ ಬಿಟ್ಟ. “ಎಲ್ಲಾ ನೆವ” ಅಂದರು ಅಪ್ಪ. ನಿಜ ಹೇಳ್ತೀನಿ, ನಾನೂ ಹಾಗೇ ಅಂದ್ಕೊಂಡಿದ್ದೆ.

ನಾನು ಸಾಫ್ಟ್‌ವೇರಿನವನು. ರಾತ್ರಿಯೆಲ್ಲಾ ಹುಡುಕಿ ಜೀನ್ ಟೆಸ್ಟ್ ಒಂದನ್ನ ಕಂಡುಹಿಡಿದೆ. ಜೊಲ್ಲಿನ ಸ್ಯಾಂಪಲ್ ಕಳಿಸಿದರೆ ಯಾವ ಮಾತ್ರೆ ಹೊಂದುತ್ತೆ ಅಂತ ಹೇಳ್ತಾರಂತೆ! ಹಸಿರು, ಹಳದಿ, ಕೆಂಪು ಕಾಲಂಗಳ ರಿಪೋರ್ಟ್ ಬಂತು. ಅದನ್ನ ಹಿಡ್ಕೊಂಡು, ಅಪ್ಪ ಮತ್ತು ತಮ್ಮನ ಜೊತೆ ರಾಣೆಬೆನ್ನೂರಿನ ಇನ್ನೊಬ್ಬ ಮನೋವೈದ್ಯರ ಹತ್ತಿರ ಹೋದೆ.

ಅವರು ರಿಪೋರ್ಟನ್ನ ಪೂರ್ತಿ ಓದಿದರು. ಲಿವರ್‌ನಲ್ಲಿ ಸಿವೈಪಿ2ಸಿ19 ಅಂತ ಒಂದು ಕಿಣ್ವ ಇರುತ್ತೆ. ಎಸಿಟಲೊಪ್ರಾಮ್, ಸರ್ಟ್ರಾಲಿನ್ ಎರಡನ್ನೂ ಕರಗಿಸೋದರಲ್ಲಿ ಅದರ ಪಾಲು ದೊಡ್ಡದು. ತಮ್ಮನಲ್ಲಿ ಅದು ಬಹಳ ನಿಧಾನ. ಹಾಗಾಗಿ ಎಲ್ಲರಿಗೂ ಕೊಡೋ ಡೋಸು ಅವನ ರಕ್ತದಲ್ಲಿ ಹೆಚ್ಚಾಗಿ ಉಳಿದು ತೊಂದರೆ ಕೊಟ್ಟಿರಬಹುದು. ನಮ್ಮ ಕಡೆಯವರಲ್ಲಿ ಇದೇನು ಅಪರೂಪ ಅಲ್ಲವಂತೆ.

“ಹಾಗಾದ್ರೆ ಹಸಿರು ಕಾಲಂನಲ್ಲಿರೋದನ್ನ ಕೊಟ್ಟುಬಿಡಿ ಸರ್” ಅಂದೆ.

ಅವರು ನಕ್ಕರು. ಮಾತ್ರೆಯನ್ನ ದೇಹ ಹೇಗೆ ಅರಗಿಸಿಕೊಳ್ಳುತ್ತೆ ಅನ್ನೋದನ್ನ ಈ ಟೆಸ್ಟ್ ಹೇಳುತ್ತೆ, ಖಿನ್ನತೆ ಯಾವುದರಿಂದ ಇಳಿಯುತ್ತೆ ಅನ್ನೋದನ್ನ ಅಲ್ಲ. ಅಮೆರಿಕದಲ್ಲಿ ಸುಮಾರು 1,900 ಮಾಜಿ ಸೈನಿಕರ ಮೇಲೆ ಮಾಡಿದ ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯ್ತು. ಟೆಸ್ಟ್ ನೋಡಿ ಔಷಧಿ ಕೊಟ್ಟವರಲ್ಲಿ ಮೊದಮೊದಲು ಸ್ವಲ್ಪ ಹೆಚ್ಚು ಜನ ಚೇತರಿಸಿಕೊಂಡರು. 24 ವಾರ ಆಗೋ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

ಆಮೇಲೆ ಅವರು ನನ್ನನ್ನ ಬಿಟ್ಟು ತಮ್ಮನ ಕಡೆ ತಿರುಗಿದರು. “ಒಂದೊಂದು ಗುಳಿಗಿ ಎಷ್ಟು ದಿನ ತಗೊಂಡ್ರಿ?”

“ಮೊದಲನೇದು ಒಂಬತ್ತು ದಿನ. ಇನ್ನೊಂದು ವಾರ.”

ಗುಣ ಕಾಣೋಕೆ ನಾಲ್ಕಾರು ವಾರ ಬೇಕು. ಎರಡೂ ಔಷಧಿ ಸೋತವು ಅಂತ ನಾವು ತೀರ್ಮಾನ ಮಾಡಿದ್ದೆವು. ಅವು ಸೋತಿರಲೇ ಇಲ್ಲ, ಸರಿಯಾಗಿ ಶುರುವೇ ಆಗಿರಲಿಲ್ಲ. ಈ ಪ್ರಶ್ನೆಯನ್ನ ಮನೆಯಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಸಾವಿರಗಟ್ಟಲೆ ಕೊಟ್ಟು ಟೆಸ್ಟ್ ಮಾಡಿಸಿದ ನಾನೂ ಕೇಳಿರಲಿಲ್ಲ.

ಆ ಕಿಣ್ವವನ್ನ ಅಷ್ಟಾಗಿ ನೆಚ್ಚಿಕೊಳ್ಳದ ಬೇರೆ ಮಾತ್ರೆಯನ್ನ ಡಾಕ್ಟರು ಸಣ್ಣ ಡೋಸಿನಲ್ಲಿ ಬರೆದರು. ತೊಂದರೆ ಆದರೆ ಬಿಡಬೇಡಿ, ಫೋನ್ ಮಾಡಿ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಬ್ಯಾಡಗಿ ಕಾಯಿ ಬಣ್ಣಕ್ಕ, ಖಾರ ಇಲ್ಲ ಅಂತ ಗಿರಾಕಿಗೆ ಹೇಳ್ತೀವಿ. ಖಾರ ಐತೋ ಇಲ್ಲೋ, ತಿಂದವನ್ನ ಕೇಳಬೇಕು.”

ಕಿಟಕಿ ಪಕ್ಕ ಕೂತಿದ್ದ ತಮ್ಮ ಅಪ್ಪನ ಕಡೆ ತಿರುಗಿ ನೋಡಿದ.

ಈಗ ಎರಡು ತಿಂಗಳಾಯ್ತು. ಪೂರ್ತಿ ಹುಷಾರಾಗಿಲ್ಲ. ಮೊನ್ನೆ ಒಂದು ತಾಸು ಅಂಗಡಿಗೆ ಹೋಗಿದ್ದನಂತೆ. ರಿಪೋರ್ಟು ಫೈಲಿನಲ್ಲಿದೆ, ಬೇರೆ ಔಷಧಿಗಳಿಗೂ ಮುಂದೆ ಬೇಕಾಗಬಹುದು. ದಿನಾ ರಾತ್ರಿ ನಾನೇ ಫೋನ್ ಮಾಡ್ತೀನಿ. ಗುಳಿಗಿ ತಗೊಂಡ್ಯಾ ಅಂತ ಕೇಳಲ್ಲ, ತಗೊಂಡ ಮ್ಯಾಲೆ ಹೆಂಗನ್ನಿಸ್ತು ಅಂತ ಕೇಳ್ತೀನಿ.