ಇನ್ನೊಂದೇ ಸೆಟ್

ಸಂಜೆ ಆರೂಕಾಲು. ಜಿಮ್ಮಿನ ಕೆಳಗಿರುವ ಬೇಕರಿಯ ಕಟ್ಟೆಗೆ ಒರಗಿ ನಿಂತಿದ್ದೀರಿ. ಒಳಗಿನಿಂದ ಬಿಸಿ ಬನ್ನಿನ ವಾಸನೆ, ಹೊರಗಿನಿಂದ ಸಿಗ್ನಲ್ಲಿನ ಹೊಗೆ. ಕೈಯಲ್ಲಿ ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್. ಮುಚ್ಚಳ ತಿರುವಿದೊಡನೆ ಚುಸ್ಸೆಂದು ಗಾಳಿ ಹೊರಟು, ಸಿಹಿಯೂ ಔಷಧಿಯೂ ಬೆರೆತ ಘಾಟು ಮೂಗಿಗೆ ಬಡಿಯುತ್ತದೆ.

ನಿನ್ನೆ ಆಫೀಸಿನ ಕೆಲಸ ಮುಗಿದಾಗ ರಾತ್ರಿ ಎರಡು ದಾಟಿತ್ತು. ಕಣ್ಣುರಿ ಇನ್ನೂ ಹೋಗಿಲ್ಲ. ನಾಲ್ಕು ಗಂಟೆಗೆ ಒಂದು ಸ್ಟ್ರಾಂಗ್ ಕಾಫಿ ಆಗಿದೆ. ಮನೆಗೆ ಹೋಗಿ ಮಲಗಬಹುದು. ಆದರೆ ಮುಂಗಡ ಕಟ್ಟಿದ ಫೀಸು ನೆನಪಾಗುತ್ತದೆ. ಗಟಗಟನೆ ಇಳಿಸುತ್ತೀರಿ. ನಿಮ್ಮ ಅಂಗೈ ಮುಚ್ಚಿರುವ ಜಾಗದಲ್ಲೇ ಸಣ್ಣಕ್ಷರದಲ್ಲಿ ಬರೆದಿದೆ: ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಕೆಫೀನ್ ಒಗ್ಗದವರಿಗೆ ಬೇಡ, ದಿನಕ್ಕೆ 500 ಮಿ.ಲೀ. ಮೀರಬೇಡಿ. ಅಚ್ಚು ಹಾಕಲೇಬೇಕೆಂದು ಸರ್ಕಾರದ ನಿಯಮವಿದೆ. ಓದಲೇಬೇಕೆಂಬ ನಿಯಮ ಇಲ್ಲವಲ್ಲ.

ಮೆಟ್ಟಿಲು ಹತ್ತುತ್ತಲೇ ರಬ್ಬರ್ ಮ್ಯಾಟಿನ ವಾಸನೆ, ಬೆವರು, ಎದೆಗೂಡಿಗೇ ಗುದ್ದುವ ಸ್ಪೀಕರ್. ಗೆಳೆಯ ನಿಮ್ಮ ಮುಖ ನೋಡಿ ಡಬ್ಬಿ ಮುಂದೆ ಹಿಡಿಯುತ್ತಾನೆ. ‘ಏನ್ ಮಗಾ, ಹಿಂಗ್ ಬಾಡೋಗಿದೀಯ? ಒಂದ್ ಸ್ಕೂಪ್ ಹಾಕ್ಕೋ.’

ಪ್ರೀ-ವರ್ಕೌಟ್ ಪುಡಿ. ಸ್ಕೂಪಿಗೆ 200 ಮಿಲಿಗ್ರಾಂ ಕೆಫೀನ್ ಎಂದು ಡಬ್ಬಿಯ ಮೇಲಿದೆ. ಕೆಳಗೆ ಕುಡಿದ ಬಾಟಲಿಯಲ್ಲಿ ಸುಮಾರು 75 ಇತ್ತು, ಕಾಫಿಯದು ಬೇರೆ. ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ಇಡೀ ದಿನಕ್ಕೆ 400 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಎನ್ನುತ್ತದೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ. ಒಂದು ಮೊಟ್ಟೆಯಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಎಂದು ನಿದ್ದೆಯಲ್ಲೂ ಹೇಳಬಲ್ಲ ಈ ಹುಡುಗರಲ್ಲಿ ಕೆಫೀನಿನ ಲೆಕ್ಕ ಇಟ್ಟವನು ಒಬ್ಬನೂ ಇಲ್ಲ. ನೀವೂ ಇಡುವುದಿಲ್ಲ. ಪುಡಿ ನೀರಿಗೆ ಬೀಳುತ್ತದೆ.

ಟ್ರೆಡ್‌ಮಿಲ್ ಮೇಲೆ ಓಡುತ್ತಿರುವಾಗ ಕಿವಿ, ತುಟಿ ಜುಮ್ಮೆನ್ನತೊಡಗುತ್ತವೆ. ಅದು ಪುಡಿಯಲ್ಲಿನ ಬೀಟಾ-ಅಲನೈನಿನ ಕೆಲಸ, ನಿರುಪದ್ರವಿ. ನೀವು ಮಾತ್ರ ಅದನ್ನೇ ಶಕ್ತಿ ಎಂದುಕೊಳ್ಳುತ್ತೀರಿ. ಕಣ್ಣುರಿ ಮಾಯ. ಕಾಲು ಹಗುರ. ಸುಸ್ತು ಹೋಗಿಯೇಬಿಟ್ಟಿತು ಅನ್ನಿಸುತ್ತದೆ.

ಹೋಗಿಲ್ಲ. ದಣಿದ ದೇಹದಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತ ಹೋಗಿ ಮಿದುಳಿನ ಕದ ತಟ್ಟುತ್ತದೆ: ಸಾಕು, ಮಲಗು. ಕೆಫೀನ್ ಆ ಕದಕ್ಕೆ ಅಡ್ಡ ನಿಂತಿದೆ, ಅಷ್ಟೇ. ಇದೇ ಅಡೆನೋಸಿನ್‌ಗೆ ಇನ್ನೊಂದು ಕೆಲಸವೂ ಇದೆ. ಹೃದಯ ಜೋರಾಗಿ ದುಡಿಯುವಾಗ ಅದರ ಸ್ವಂತ ರಕ್ತನಾಳಗಳನ್ನು ಹಿಗ್ಗಿಸುವುದರಲ್ಲಿ ಇದರ ಪಾಲಿದೆ. ಕೆಫೀನ್ ಅಲ್ಲಿಯೂ ಅಡ್ಡ ಬರುತ್ತದೆ. 2006ರಲ್ಲಿ ಜ್ಯೂರಿಕ್‌ನ ವೈದ್ಯರು ಆರೋಗ್ಯವಂತರಿಗೇ 200 ಮಿಲಿಗ್ರಾಂ ಕೊಟ್ಟು ಸೈಕಲ್ ತುಳಿಸಿ ನೋಡಿದ್ದರು. ಕೂತಾಗ ವ್ಯತ್ಯಾಸ ಕಾಣಲಿಲ್ಲ. ತುಳಿದಾಗ ಹೃದಯದ ಸ್ನಾಯುವಿಗೆ ರಕ್ತ ಏರಬೇಕಾದಷ್ಟು ಏರಲಿಲ್ಲ. ಬೇಕರಿ ಕಟ್ಟೆಯಲ್ಲಿ ಕುಡಿದು ಸುಮ್ಮನೆ ಹರಟೆ ಹೊಡೆಯುವುದಕ್ಕೂ ಕುಡಿದು ಇಲ್ಲಿಗೆ ಹತ್ತಿ ಬರುವುದಕ್ಕೂ ಇರುವ ಅಂತರ ಇದು.

ಈಗ ಸ್ಕ್ವಾಟ್. ಹೆಗಲ ಮೇಲೆ ತಣ್ಣನೆಯ ಕಬ್ಬಿಣ. ಕುತ್ತಿಗೆಯಲ್ಲಿ ನಾಡಿ ಬಡಿಯುವುದು ನಿಮಗೇ ಕೇಳಿಸುತ್ತಿದೆ. ಹೃದಯದ ಎಡಭಾಗಕ್ಕೆ ರಕ್ತ ಹೆಚ್ಚಾಗಿ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ನಿಮಿಷಕ್ಕೆ 170ರ ವೇಗದಲ್ಲಿ ಆ ಬಿಡುವೇ ಚೂರಾಗಿದೆ. ‘ಇನ್ನೊಂದೇ ಸೆಟ್ ಬ್ರೋ,’ ಎನ್ನುತ್ತಾನೆ ಟ್ರೇನರ್. ಉಸಿರು ಕಟ್ಟುತ್ತೀರಿ. ಇಳಿಯುತ್ತೀರಿ. ಏಳುತ್ತೀರಿ. ಮತ್ತೆ ಇಳಿಯುತ್ತೀರಿ.

ಆಗ ಎದೆಯೊಳಗೆ ಏನೋ ತಪ್ಪುತ್ತದೆ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟರೆ ಇಲ್ಲದೇ ಹೋದ ಹಾಗೆ. ಒಂದು ಖಾಲಿ. ಆಮೇಲೆ ಧಡ್ ಎಂದು ಒಂದು ಗುದ್ದು. ಮತ್ತೆ ಖಾಲಿ. ಬಳಿಕ ಸಾಲಾಗಿ ಪಟಪಟ. ಕಣ್ಣಂಚು ಕಪ್ಪಾಗುತ್ತದೆ. ಸ್ಪೀಕರ್ ದೂರ ಸರಿಯುತ್ತದೆ. ಬೆವರು ಒಮ್ಮೆಲೇ ತಣ್ಣಗೆ.

ಎದುರು ಗೋಡೆಯ ಪಟದಲ್ಲಿ ಅಪ್ಪು, ನಟ ಪುನೀತ್ ರಾಜ್‌ಕುಮಾರ್, ನಗುತ್ತಿದ್ದಾರೆ. 2021ರ ಅಕ್ಟೋಬರ್ 29ರಂದು ಅವರು ಹಠಾತ್ತನೆ ತೀರಿಕೊಂಡ ನಂತರ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿದ್ದು ನೆನಪಾಗುತ್ತದೆ. ಅವರ ಸಾವಿಗೂ ಇಂಥ ಪಾನೀಯಕ್ಕೂ ಗಂಟು ಹಾಕುವುದು ತಪ್ಪು. ಆದರೆ ಹೆದರಿಕೆ ಅಷ್ಟೆಲ್ಲ ವಿಚಾರ ಮಾಡಿ ಬರುವುದಿಲ್ಲ. ಹೇಳಬೇಕೇ? ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಇನ್ನು ಎರಡೇ ಸ್ಕ್ವಾಟ್ ಬಾಕಿ. ಹೇಳದೆ ಇಳಿದರೆ, ಏಳುತ್ತೀರೋ ಇಲ್ಲವೋ.

‘ತಲೆ ಸುತ್ತುತ್ತಿದೆ.’

ಬಾರ್ ಸ್ಟ್ಯಾಂಡಿಗೆ ಹೋಗುತ್ತದೆ. ಟ್ರೇನರ್ ನಿಮ್ಮನ್ನು ಮ್ಯಾಟಿನ ಮೇಲೆ ಮಲಗಿಸಿ ಕಾಲು ಎತ್ತರಿಸುತ್ತಾನೆ, ಒಳ್ಳೆಯ ಕೆಲಸ. ನಿಲ್ಲಿಸಿದ ಮೇಲಿನ ಕೆಲವು ನಿಮಿಷವೂ ನಾಜೂಕಾದದ್ದೇ. ರಕ್ತ ಕಾಲಿನಲ್ಲಿ ನಿಲ್ಲುತ್ತದೆ, ಏರಿದ್ದ ಪೊಟ್ಯಾಸಿಯಂ ಸರ್ರನೆ ಇಳಿಯುತ್ತದೆ, ಅಡ್ರಿನಲಿನ್ ಮಾತ್ರ ಇನ್ನೂ ಇಳಿದಿರುವುದಿಲ್ಲ. ಕೆಫೀನಂತೂ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು.

ಮರುದಿನ ಎದೆಗೆ ತಣ್ಣನೆಯ ಜೆಲ್. ಇಸಿಜಿ ಯಂತ್ರ ಚರಚರ ಕಾಗದ ಉಗುಳುತ್ತದೆ. ಡಾಕ್ಟರ್ ಅಳೆಯುತ್ತಿರುವುದು ಕ್ಯೂಟಿ ಅಂತರವನ್ನು: ಒಂದು ಬಡಿತದ ನಂತರ ಹೃದಯ ಮುಂದಿನದಕ್ಕೆ ವಿದ್ಯುತ್ತಿನಲ್ಲಿ ಸಜ್ಜಾಗಲು ತೆಗೆದುಕೊಳ್ಳುವ ಹೊತ್ತು. ಅದು ಉದ್ದವಾದಷ್ಟೂ ಲಯ ತಪ್ಪುವ ಅಪಾಯ. 2019ರ ಅಮೆರಿಕದ ಅಧ್ಯಯನವೊಂದರಲ್ಲಿ 34 ಆರೋಗ್ಯವಂತರಿಗೆ ಸುಮಾರು ಒಂದು ಲೀಟರ್ ಎನರ್ಜಿ ಡ್ರಿಂಕ್ ಕೊಟ್ಟಾಗ, ನಾಲ್ಕು ಗಂಟೆಯ ನಂತರವೂ ಅದು 6ರಿಂದ 7.7 ಮಿಲಿಸೆಕೆಂಡು ಉದ್ದವಿತ್ತು. ಹೆಚ್ಚಿನವರಿಗೆ ಅದು ಏನೂ ಅಲ್ಲ. ಹುಟ್ಟಿನಿಂದಲೇ ಆ ಅಂತರ ಉದ್ದವಿದ್ದವರಿಗೆ ಹಾಗೆನ್ನಲಾಗದು. ಮೇಯೋ ಕ್ಲಿನಿಕ್‌ನವರು 2024ರಲ್ಲಿ, ಹಠಾತ್ ಹೃದಯಸ್ತಂಭನದಿಂದ ಬದುಕಿ ಬಂದ 144 ಜನರ ದಾಖಲೆ ನೋಡಿದಾಗ 7 ಮಂದಿ ಅದಕ್ಕೆ ಸ್ವಲ್ಪ ಮೊದಲು ಇಂಥ ಪಾನೀಯ ಕುಡಿದಿದ್ದರು. ಅದೇ ಕಾರಣ ಎಂದು ಅವರೂ ಹೇಳಿಲ್ಲ. ಎಚ್ಚರ ಇರಲಿ ಎಂದರು.

‘ಸಿಗರೇಟು?’

‘ಇಲ್ಲ ಡಾಕ್ಟ್ರೇ.’

‘ಮನೇಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದಾರಾ?’

ಇಲ್ಲ ಎನ್ನಲು ಬಾಯಿ ತೆರೆದವರು ನಿಲ್ಲುತ್ತೀರಿ. ಚಿಕ್ಕಪ್ಪ. ಊರ ಕೆರೆಯಲ್ಲಿ. ಆದರೆ ಅವನಿಗೆ ಈಜು ಚೆನ್ನಾಗಿ ಬರುತ್ತಿತ್ತು.

ಡಾಕ್ಟರ್ ಪೆನ್ನು ಕೆಳಗಿಟ್ಟು ಮತ್ತೆ ಕಾಗದ ನೋಡುತ್ತಾರೆ. ಈಜುವಾಗ ಲಯ ತಪ್ಪುವುದು ಉದ್ದ ಕ್ಯೂಟಿಯ ಒಂದು ಬಗೆಯ ಗುರುತು. ಎಕೋ, ಟ್ರೆಡ್‌ಮಿಲ್ ಟೆಸ್ಟ್ ಬರೆಯುತ್ತಾರೆ. ವರದಿ ಬರುವವರೆಗೆ ಜಿಮ್ ಬೇಡ.

ಎಲ್ಲ ಕೇಳಿದ ಅವರು ಆ ಬಾಟಲಿಯ ಬಗ್ಗೆಯಾಗಲಿ ಪುಡಿಯ ಬಗ್ಗೆಯಾಗಲಿ ಕೇಳಲಿಲ್ಲ. ಅವನ್ನು ಔಷಧಿಯೆಂದೋ ಚಟವೆಂದೋ ನೀವು ಲೆಕ್ಕಕ್ಕೆ ಹಿಡಿಯದ್ದರಿಂದ ನಿಮ್ಮ ಬಾಯಿಗೂ ಬರಲಿಲ್ಲ. ಏಳುವ ಮುನ್ನ ನೀವಾಗಿಯೇ ಹೇಳಿ: ಏನು ಕುಡಿದಿರಿ, ಎಷ್ಟು, ವ್ಯಾಯಾಮಕ್ಕೆ ಎಷ್ಟು ಹೊತ್ತು ಮೊದಲು.