ನಾಲ್ಕನೇ ನಿಮಿಷ

ಸಾಹ್ಲಿ ಹಿಮೋಗ್ಲೋಬಿನೋಮೀಟರ್ ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಧನ. ಎರಡು ಬದಿಗೆ ಕಂದು ಗಾಜಿನ ಪಟ್ಟಿ, ನಡುವೆ ಗೆರೆ ಎಳೆದ ಕೊಳವೆ. ಕೊಳವೆಯ ತಳಕ್ಕೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಉಂಗುರ ಬೆರಳಿಗೆ ಚುಚ್ಚಿ, ಮೊದಲ ಹನಿ ಒರೆಸಿ, ಪಿಪೆಟ್ಟಿನಲ್ಲಿ 20ರ ಗೆರೆಯವರೆಗೆ ರಕ್ತ ಎಳೆದು ಆಮ್ಲದೊಳಗೆ ಬಿಡಬೇಕು. ರಕ್ತ ಕಂದಾಗುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಹಾಕಿ ಗಾಜಿನ ಕಡ್ಡಿಯಿಂದ ಕಲಕುತ್ತ, ಬದಿಯ ಪಟ್ಟಿಯ ಬಣ್ಣಕ್ಕೆ ಬಂದಾಗ ಹಗಲ ಬೆಳಕಿಗೆ ಹಿಡಿದು ಗೆರೆ ಓದಬೇಕು. ಆದರೆ ನೀರು ಹಾಕುವ ಮೊದಲು ಹತ್ತು ನಿಮಿಷ ಕಾಯಬೇಕು. ಬಣ್ಣ ಗಟ್ಟಿಯಾಗಲು ಅಷ್ಟು ಹೊತ್ತು ಬೇಕು. ಅವಸರ ಮಾಡಿದರೆ ತೆಳು ಬಣ್ಣ ಬೇಗ ಹೊಂದಿಬಿಡುತ್ತದೆ, ರಕ್ತ ಇರುವುದಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ಇದನ್ನು ಹನ್ನೊಂದು ವರ್ಷ ನರ್ಸಿಂಗ್ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು ನಾನು. ನನ್ನದೇ ಪಿಎಚ್‌ಡಿಗೆ ರಕ್ತ ನೋಡುವಾಗ ಕಾಯಲಿಲ್ಲ.

ನನ್ನ ವಿಷಯ ಗರ್ಭಿಣಿಯರ ರಕ್ತಹೀನತೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನ ಆರು ಹಳ್ಳಿ, 84 ಹೆಂಗಸರು. ಮೊದಲು ಎಲ್ಲರ ಹಿಮೋಗ್ಲೋಬಿನ್ ನೋಡುವುದು. ಎಂಟು ವಾರ, ವಾರಕ್ಕೊಂದು ಪಾಠ ಮಾಡುವುದು. ಹನ್ನೆರಡನೇ ವಾರ ಮತ್ತೆ ನೋಡುವುದು. ಕಬ್ಬಿಣಾಂಶದ ಕೆಂಪು ಮಾತ್ರೆಯನ್ನು ಚಹಾದ ಜೊತೆ ನುಂಗಬಾರದು, ಸುಣ್ಣದಂಶದ ಮಾತ್ರೆಯನ್ನೂ ಅದೇ ಹೊತ್ತಿಗೆ ತೆಗೆದುಕೊಳ್ಳಬಾರದು, ಮಲ ಕಪ್ಪಾದರೆ ಹೆದರಬೇಕಿಲ್ಲ, ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಇಂಥ ಮಾತುಗಳೇ ಆ ಪಾಠ. 2017ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆ ನಡೆಯುತ್ತಿತ್ತು. ಗರ್ಭಿಣಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಿ ಅಲ್ಲೇ ಮಾತ್ರೆ ನುಂಗಬೇಕಿತ್ತು. ಅವರು ಸಿಗುವ ಜಾಗ ಅದೇ ಎಂದು ನಾನೂ ಅಂಗನವಾಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿದೆ.

ಅದು 2018ರ ಆಗಸ್ಟ್, ಭತ್ತದ ನಾಟಿಯ ಕಾಲ. ಐದು ತಿಂಗಳ ಬಸುರಿಯರೂ ಕೆಸರಿಗೆ ಇಳಿಯುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯುತ್ತಿತ್ತು. ಅಷ್ಟರೊಳಗೆ ಹದಿನೈದು ಮಂದಿಯದನ್ನು ಮುಗಿಸಬೇಕು. ತಡವಾದರೆ ಅವರ ಆ ದಿನದ ಕೂಲಿ ಹೋಗುತ್ತಿತ್ತು. ಇತ್ತ ಆರು ತಿಂಗಳ ಪ್ರಗತಿ ವರದಿಯ ತಾರೀಖು ಹತ್ತಿರ ಬಂದಿತ್ತು. ಎರಡು ದಿನ ಗಡಿಯಾರ ನೋಡಿ ಹತ್ತು ನಿಮಿಷ ಕಾದೆ. ಮೂರನೇ ದಿನ ಏಳಕ್ಕೆ ಇಳಿಯಿತು. ವಾರದ ಕೊನೆಗೆ ನಾಲ್ಕಕ್ಕೆ ಬಂದು ನಿಂತಿತು. ರಕ್ತ ಬರದಿದ್ದಾಗ ಬೆರಳು ಹಿಂಡಿದ್ದೂ ಉಂಟು. ಹಿಂಡಿದರೆ ರಕ್ತದ ಜೊತೆ ಮೈಯ ನೀರೂ ಸೇರಿ ಅಳತೆ ಮತ್ತಷ್ಟು ಇಳಿಯುತ್ತದೆ ಎಂಬುದೂ ನನಗೆ ಗೊತ್ತಿತ್ತು.

ಒಬ್ಬಾಕೆಗೆ 6.8 ಬಂತು. ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಚೀಟಿ ಬರೆದುಕೊಟ್ಟೆ. ಅವಳ ಅತ್ತೆಯನ್ನು ಪಕ್ಕಕ್ಕೆ ಕರೆದು, ತಡ ಮಾಡಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದೆ. ಅಂದು ಸಂಜೆಯೇ ಕಿವಿಯ ಝುಮಕಿ ಒತ್ತಿಯಿಟ್ಟು, ಗಾಡಿ ಬಾಡಿಗೆಗೆ ಹಿಡಿದು ಹೋದರಂತೆ. ಆಸ್ಪತ್ರೆಯ ಲ್ಯಾಬಿನಲ್ಲಿ ತೋಳಿನ ರಕ್ತ ತೆಗೆದು ಮಷಿನ್ನಿಗೆ ಹಾಕಿದಾಗ 8.4 ಬಂತು. ಮೂರನೇ ದಿನ ವಾಪಸು ಕಳಿಸಿದರು. ಮುಂದಿನ ವಾರ ಅತ್ತೆ ಅಂಗನವಾಡಿಯ ಬಾಗಿಲಲ್ಲಿ ನಿಂತು ಹೇಳಿದಳು: “ನಿಮ್ಮ ಗಾಜಿನ ಕೊಳವಿ ಸುಳ್ಳ ಹೇಳತೈತ್ರೀ ಸಿಸ್ಟರಮ್ಮ. ಮೂರು ದಿನ ನಾವು ಮನ್ಯಾಗ ಯಾರೂ ಒಲಿ ಹಚ್ಚಿಲ್ಲ.”

ಎರಡು ಕಡೆ ಅಳತೆಯಲ್ಲಿ ವ್ಯತ್ಯಾಸ ಬರುವುದು ಸಹಜ ಎಂದು ಸಮಾಧಾನ ಹೇಳಿದೆ. ಆಕೆಯ ಸೊಸೆ ಮತ್ತೆ ಬರಲಿಲ್ಲ. ನನ್ನ ಕೋಷ್ಟಕದಲ್ಲಿ ಅವಳ ಹೆಸರಿನ ಮುಂದೆ ‘ನಡುವೆ ಬಿಟ್ಟವರು’ ಎಂದು ಬರೆದು, 85ರಲ್ಲಿ ಒಂದು ಕಳೆದು 84 ಮಾಡಿಕೊಂಡೆ. ನನ್ನ ಅಳತೆ ತಪ್ಪು ಎಂಬುದಕ್ಕೆ ಸಾಕ್ಷಿ ಮೊದಲ ತಿಂಗಳಲ್ಲೇ ನಡೆದು ಬಂದು ನನ್ನ ಮುಂದೆ ನಿಂತಿತ್ತು. ನಾನದನ್ನು ಲೆಕ್ಕದಿಂದ ತೆಗೆದುಹಾಕಿದೆ.

ಎರಡನೇ ಸುತ್ತಿನ ಹೊತ್ತಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಎಎನ್‌ಎಂ ಕೈಗೆ ಡಿಜಿಟಲ್ ಮೀಟರ್ ಬಂದಿತ್ತು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಅದೇ ವರ್ಷ ಆರಂಭವಾಗಿ, ಹಳ್ಳಿ ಮಟ್ಟದಲ್ಲಿ ಡಿಜಿಟಲ್ ಅಳತೆಯೇ ಆಗಬೇಕೆಂದು ಹೇಳಿತ್ತು. ಪಟ್ಟಿಗೆ ಒಂದು ಹನಿ, ಕೆಲವೇ ಕ್ಷಣದಲ್ಲಿ ಅಂಕಿ. ನಾನು ಆಸೆಪಟ್ಟು ಕೇಳಿ ತೆಗೆದುಕೊಂಡೆ. ಹಳೆಯ ಪೆಟ್ಟಿಗೆ ಬ್ಯಾಗಿನಲ್ಲೇ ಇತ್ತು. ಮೂವತ್ತು ನಲವತ್ತು ಮಂದಿಗಾದರೂ ಎರಡರಲ್ಲೂ ನೋಡಿ ಪಕ್ಕಪಕ್ಕ ಬರೆದಿಟ್ಟಿದ್ದರೆ ಎಷ್ಟು ಅಂತರ ಎಂದು ತಿಳಿಯುತ್ತಿತ್ತು. ಅದೂ ಮಾಡಲಿಲ್ಲ.

ಸರಾಸರಿ 9.1 ಇದ್ದದ್ದು 10.2 ಆಗಿತ್ತು. ಪೇರ್ಡ್ ಟಿ ಟೆಸ್ಟ್‌ನಲ್ಲಿ ಪಿ ವ್ಯಾಲ್ಯೂ 0.001ಕ್ಕಿಂತ ಕಡಿಮೆ. ಆ ರಾತ್ರಿ ಊರಿಗೆ ಫೋನ್ ಮಾಡಿ, ನನ್ನ ಪಾಠದಿಂದ ಹೆಂಗಸರ ಮೈಯಲ್ಲಿ ರಕ್ತ ಏರಿದೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಅದನ್ನು ಬೀದಿಗೆಲ್ಲ ಹೇಳಿದ.

ಅಂತಿಮ ಮಂಡನೆಗೆ ಮುಂಚಿನ ಸೆಮಿನಾರಿನಲ್ಲಿ ಸಂಖ್ಯಾಶಾಸ್ತ್ರದ ಹಿರಿಯರೊಬ್ಬರು ಎರಡೇ ಪ್ರಶ್ನೆ ಕೇಳಿದರು. “ಹೋಲಿಕೆ ಗುಂಪು ಯಾಕಿಲ್ಲಮ್ಮ?” ಗರ್ಭಿಣಿಯ ಮೈಯಲ್ಲಿ ಕೆಂಪುಕಣಗಳಿಗಿಂತ ಪ್ಲಾಸ್ಮಾ ಹೆಚ್ಚು ಬೆಳೆಯುವುದರಿಂದ ನಡುದಿಂಗಳಲ್ಲಿ ಹಿಮೋಗ್ಲೋಬಿನ್ ತಾನಾಗಿ ಇಳಿದು, ದಿನ ತುಂಬುವ ಹೊತ್ತಿಗೆ ಸ್ವಲ್ಪ ಏರುತ್ತದೆ. ಪಾಠ ಕೇಳದ ಇನ್ನೊಂದು ಗುಂಪು ಇದ್ದರಷ್ಟೇ ನನ್ನ ಪಾಠದ ಪಾಲೆಷ್ಟು ಎಂದು ಗೊತ್ತಾಗುತ್ತಿತ್ತು. ಗೈಡ್ ಇದನ್ನು ಮೊದಲೇ ಹೇಳಿದ್ದರು. ಇನ್ನೊಂದು ವರ್ಷ ಹಿಡಿಯುತ್ತದೆ ಎಂದು ಹಟ ಮಾಡಿ ಬಿಡಿಸಿದವಳು ನಾನೇ. ಆ ಪ್ರಶ್ನೆಗೆ ಏನೋ ಹೇಳಿ ದಾಟಿದೆ. ಎರಡನೆಯದು: “ಎರಡೂ ಸಲ ಒಂದೇ ಉಪಕರಣದಲ್ಲಿ ನೋಡಿದಿರಾ?”

“ಹೌದು ಸರ್,” ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು, ಬಾಯಿಗೆ ಬಂದುಬಿಟ್ಟದ್ದು. ಆದರೆ ತಿದ್ದಿಕೊಳ್ಳಲು ಪೂರ್ತಿ ಒಂದು ಗಂಟೆ ಸಮಯವಿತ್ತು, ಚಹಾ ಕುಡಿಯುವಾಗ ಅವರು ನನ್ನ ಪಕ್ಕದಲ್ಲೇ ಇದ್ದರು. ತಿದ್ದಿಕೊಳ್ಳಲಿಲ್ಲ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ್ದು ಮುಖ್ಯವಾಗಿ ಈ ಒಂದು ಗಂಟೆಯನ್ನು. ನಾಟಿ ಹೊಲದ ಅವಸರಕ್ಕೆ ಕಾರಣ ಕೊಡಬಹುದು, ಇದಕ್ಕೆ ಕೊಡಲಾರೆ.

ಮನೆಗೆ ಬಂದು ಫೀಲ್ಡ್ ನೋಟ್‌ಬುಕ್ ತೆಗೆದೆ. ಚುಚ್ಚಿದ ಹೊತ್ತು, ಓದಿದ ಹೊತ್ತು ಎಂದು ಎರಡು ಕಲಂ ನಾನೇ ಗೆರೆ ಹಾಕಿಕೊಂಡಿದ್ದೆ. ಮೊದಲ ದಿನಗಳ ಅಕ್ಷರ ದುಂಡಗಿವೆ, ಆಮೇಲಾಮೇಲೆ ಓಡುತ್ತವೆ. 7.12, 7.16. 7.17, 7.21. ಎಣಿಸಿದೆ. 84ರಲ್ಲಿ ಹತ್ತು ನಿಮಿಷ ಪೂರ್ತಿಯಾದದ್ದು 19. ಉಳಿದ 65 ಹೆಂಗಸರ ಮೊದಲ ಅಂಕಿ ಎಷ್ಟು ತಪ್ಪು ಎಂದು ಹೇಳಲು ದಾರಿಯೇ ಇರಲಿಲ್ಲ. 1.1 ಗ್ರಾಂ ಏರಿಕೆಯಲ್ಲಿ ಅವಸರದ್ದೆಷ್ಟು, ಮೀಟರಿನದೆಷ್ಟು, ತುಂಬುದಿಂಗಳದ್ದೆಷ್ಟು, ಪಾಠದ್ದೆಷ್ಟು ಎಂದು ಯಾರೂ ಬಿಡಿಸಲಾರರು.

ಆತ್ಮೀಯರೊಬ್ಬರು, ಮಿತಿಗಳ ಅಧ್ಯಾಯದಲ್ಲಿ ಒಂದು ಸಾಲು ಬರೆದು ಮುಗಿಸು, ಎಲ್ಲರೂ ಮಾಡುವುದು ಅದನ್ನೇ ಎಂದರು. ಎರಡು ವಾರ ಆ ಸಾಲನ್ನು ಬರೆದು ಬರೆದು ಹೊಡೆದುಹಾಕಿದೆ. ಕೊನೆಗೆ ನೋಟ್‌ಬುಕ್ಕನ್ನೇ ಒಯ್ದು ಗೈಡ್ ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ಹಾಳೆ ತಿರುವಿದರು. “ಮತ್ತೆ ಮಾಡೋಣ, ಎರಡು ಗುಂಪು, ಒಂದೇ ಮೀಟರ್,” ಎಂದರು. ಅದು 2020ರ ಫೆಬ್ರವರಿ. ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ನನ್ನನ್ನು ಕೋವಿಡ್ ವಾರ್ಡಿಗೆ ಹಾಕಿದರು. ಮತ್ತೆ ಹಳ್ಳಿಗೆ ಕಾಲಿಡುವಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿತ್ತು. ಪದವಿ ಬರಲಿಲ್ಲ. ಕೊರೊನಾ ಬಂದದ್ದರಿಂದ ಎಂದು ನೆಂಟರಿಷ್ಟರು ತಿಳಿದುಕೊಂಡಿದ್ದಾರೆ. ಅಪ್ಪನಿಗೆ ಮಾತ್ರ ನಿಜ ಹೇಳಿದ್ದೇನೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ರಕ್ತಹೀನತೆ 2015–16ರಲ್ಲಿ ಶೇ. 50.4, 2019–21ರಲ್ಲಿ ಶೇ. 52.2. ಬೆರಳ ತುದಿಯ ಹನಿಯಿಂದ ತೆಗೆದ ಈ ಅಳತೆ ಎಷ್ಟು ನಂಬಿಕೆಗೆ ಅರ್ಹ ಎಂಬ ಚರ್ಚೆ ಎದ್ದು, ಮುಂದಿನ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟು, ರಕ್ತನಾಳದ ರಕ್ತ ತೆಗೆದು ನೋಡುವ ಬೇರೆ ಸಮೀಕ್ಷೆಗೆ ಅದನ್ನು ವಹಿಸಿದರು. ಆ ಸುದ್ದಿ ಓದಿದ ದಿನ ಆರು ಹಳ್ಳಿಯ ಅಂಗನವಾಡಿ ಕಟ್ಟೆಗಳೆಲ್ಲ ಕಣ್ಣ ಮುಂದೆ ಬಂದವು. ರಕ್ತಹೀನತೆ ಸುಳ್ಳಲ್ಲ, ಹೆರಿಗೆಯಲ್ಲಿ ಅದು ಜೀವ ತೆಗೆಯುವುದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಅದರ ಅಂಕಿ ಸಡಿಲವಾಗಿರಬಾರದು.

ಹೋದ ವರ್ಷ ಆ ಸೊಸೆಯ ಮನೆಗೆ ಹೋದೆ. ಅತ್ತೆ ತೀರಿಕೊಂಡಿದ್ದಳು. ಅಂದು ಹೊಟ್ಟೆಯಲ್ಲಿದ್ದ ಹುಡುಗಿ ಯೂನಿಫಾರ್ಮ್ ತೊಟ್ಟು ಕಟ್ಟೆಯ ಮೇಲೆ ಬರೆಯುತ್ತ ಕೂತಿದ್ದಳು. ಅಂದಿನ ತಪ್ಪು ಕೊಳವೆಯದ್ದಲ್ಲ, ನನ್ನದು, ಹತ್ತು ನಿಮಿಷ ಕಾಯಬೇಕಿತ್ತು, ನಾಲ್ಕಕ್ಕೇ ಓದಿದೆ ಎಂದು ಹೇಳಿದೆ. ಝುಮಕಿಯ ಮಾತು ಕೇಳಿದೆ. ಬಡ್ಡಿ ಬೆಳೆದು ಬಿಡಿಸಿಕೊಳ್ಳಲು ಆಗಲಿಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಉಳಿದೋರಿಗೂ ಹೇಳೀರೇನ್ರೀ?”

ಇಲ್ಲ ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. “ಹಂಗಾರ ಬರ್ರಿ. ಬಾಜು ಮನೀಕಿನೂ ಆವತ್ತ ನನ್ನ ಹಿಂದ ಪಾಳ್ಯಾಗ ನಿಂತಿದ್ಲು.”