ತಂಬುಳಿಯ ಪಾಠ

'ತಣ್' ಎಂಬುದರ ಮುಂದೆ 'ಪುಳಿ' ಬಂದು 'ತಂಬುಳಿ' ಆಯಿತು, ಪಕಾರಕ್ಕೆ ಬಕಾರ ಆದೇಶ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದವನು ನಾನು. ಆದರೆ ಮನೆಯಲ್ಲಿ, ಕಡುಬೇಸಗೆಯಲ್ಲೂ, ಬಿಸಿ ಸಾರಿಲ್ಲದೆ ನನಗೆ ಊಟ ಸೇರದು. ಈ ಏಪ್ರಿಲಿನ ಒಂದು ಮಧ್ಯಾಹ್ನ ಒಲೆಯ ಮುಂದಿದ್ದ ನನ್ನಾಕೆ ತಲೆಸುತ್ತಿ ಕುಳಿತುಬಿಟ್ಟಳು. ನೀರು ಕುಡಿಸಿ ಮಲಗಿಸಿ, ನಾನೇ ಅಡುಗೆಮನೆ ಹೊಕ್ಕೆ. ಮಲೆನಾಡಿನಲ್ಲಿ ಅಮ್ಮ ಮಾಡುತ್ತಿದ್ದಂತೆ ಒಂದೆಲಗದ ಹಸಿ ಎಲೆ, ಕಾಯಿತುರಿ, ಜೀರಿಗೆ, ಹಸಿಮೆಣಸು ರುಬ್ಬಿ, ಉಪ್ಪು ಹಾಕಿ ಮಜ್ಜಿಗೆಯಲ್ಲಿ ಕದಡಿದೆ. ಕುದಿಸುವ ಗೋಜಿಲ್ಲ. ಬೆಳಗಿನ ಅನ್ನಕ್ಕೆ ಕಲಸಿಕೊಂಡು ಇಬ್ಬರೂ ಉಂಡೆವು. "ಉಪ್ಪು ಮುಂದಾಯಿತು ಕಣ್ರೀ" ಎಂದು ನಕ್ಕಳು.

ತಂಬುಳಿಯ ತಂಪು ಉಣ್ಣುವವರ ಹೊಟ್ಟೆಗೆಂದೇ ತಿಳಿದಿದ್ದೆ. ಮಾಡುವವಳ ಮೈಗೂ ಅದು ತಂಪೆಂಬುದು ನನ್ನ ವ್ಯಾಕರಣಕ್ಕೆ ಹೊಳೆದಿರಲಿಲ್ಲ. ಬೇಸಗೆ ಕಳೆಯುವವರೆಗೆ ನಮ್ಮ ಮನೆಯಲ್ಲಿ ಸಾರಿಗೆ ರಜೆ.